ಮೇಜರನ ಪಥ್ಯ

ಬೌಷರ್, ಮಸ್ಕತ್
14 ಸೆಪ್ಟೆಂಬರ್ 2003

ಪ್ರೀತಿಯ ಸುಪ್ಪಿ,

ಇದನ್ನು ಕೂತುಕೊಂಡು ಓದು. ನಿನ್ನ ಅಕ್ಕನ ಅಡುಗೆಮನೆಗೆ ಕೋಳಿ ಬಂದಿದೆ. ಜೀವಂತ ಕೋಳಿ ಅಲ್ಲ.

ಬಂದದ್ದು ನನಗಲ್ಲ, ನಿನ್ನ ಭಾವನಿಗೂ ಅಲ್ಲ, ಮೇಜರನಿಗೆ. ಮೇಜರ್ ಯಾರೆಂದು ಹೇಳುತ್ತೇನೆ, ಅಲ್ಲಿಯವರೆಗೆ ತಾಳ್ಮೆಯಿಂದಿರು.

ನಮ್ಮ ಮೇಲಿನ ಮಹಡಿಯ ಎಡ್ಮಂಡ್ ನಿನಗೆ ನೆನಪಿರಬಹುದು, ಶಿರ್ವದವರು. ಅವರು ಸಂಸಾರ ಸಮೇತ ಕೆನಡಾಕ್ಕೆ ಹೊರಟುಹೋದರು. ಹೊರಡುವ ದಿನ ಒಂದು ಪಂಜರ ಹಿಡಿದುಕೊಂಡು ಬಂದು, "ಸ್ವಲ್ಪ ದಿನ ಇಟ್ಟುಕೊಳ್ಳಿ ಲೋಲಾಕ್ಷಿಯಕ್ಕ, ನನ್ನ ಫ್ರೆಂಡ್ ಬಂದು ಕೊಂಡುಹೋಗ್ತಾನೆ" ಅಂದರು. ಆ ಫ್ರೆಂಡ್ ಇನ್ನೂ ಹುಟ್ಟಿಲ್ಲ ಅಂತ ಕಾಣುತ್ತದೆ. ಪಂಜರದೊಳಗೆ ಇದ್ದದ್ದು ಫೆರೆಟ್ ಎಂಬ ಪ್ರಾಣಿ. ನಮ್ಮ ಊರಿನ ಮುಂಗುಸಿಯನ್ನು ಎರಡೂ ಕಡೆಯಿಂದ ಎಳೆದು ಉದ್ದ ಮಾಡಿ, ಕೆನೆಯ ಬಣ್ಣ ಬಳಿದು, ಕಣ್ಣಿನ ಸುತ್ತ ಕಾಡಿಗೆ ಹಚ್ಚಿದರೆ ಹೇಗೆ, ಹಾಗೆ. ಎಡ್ಮಂಡರಿಗೆ ಅದನ್ನು ಕೊಟ್ಟ ಬ್ರಿಟಿಷ್ ಬಾಸ್ ಮೇಜರ್ ಅಂತ ಹೆಸರಿಟ್ಟಿದ್ದನಂತೆ. ನಡಿಗೆ ನೋಡಿದರೆ ಹೆಸರು ಸರಿಯೇ. ಎದೆ ಮುಂದೆ ಮಾಡಿಕೊಂಡು ಮನೆ ತಪಾಸಣೆ ಮಾಡುತ್ತದೆ.

ಎಡ್ಮಂಡರ ಮಕ್ಕಳು ಅದನ್ನು ಬಿಸ್ಕಿಟು, ಬಾಳೆಹಣ್ಣು, ಜಾಮು ತಿನ್ನಿಸಿಯೇ ಸಾಕಿದ್ದರು. ನಾನು ನಮ್ಮ ಕ್ರಮದಂತೆ ಮೊಸರನ್ನ ಕಲಸಿಟ್ಟೆ, ಹಾಲು ಇಟ್ಟೆ. ಎಲ್ಲ ನೆಕ್ಕಿ ಸೋಫಾದ ಹಿಂದೆ ಹೋಗಿ ಭೇದಿ ಮಾಡಿತು. ಹಸಿರು, ಲೋಳೆ ಲೋಳೆ. ಅಮ್ಮನ ಮದ್ದು ಅಂತ ದಾಳಿಂಬೆ ಸಿಪ್ಪೆಯ ಕಷಾಯ ಕುಡಿಸಲು ಹೋದೆ, ಬೆರಳು ಕಚ್ಚಿತು. ನೋಡನೋಡುತ್ತಿದ್ದಂತೆ ಬೆನ್ನಿನ ಎಲುಬು ಕೈಗೆ ಸಿಗುವಷ್ಟು ಸೊರಗಿತು.

ಅಲ್ ಮವಾಲೇಹ್‌ನ ತರಕಾರಿ ಮಾರ್ಕೆಟ್ಟಿನ ಹತ್ತಿರ ಒಬ್ಬಳು ಸುಡಾನಿ ಡಾಕ್ಟರಮ್ಮ ಇದ್ದಾಳೆ, ಆಡು ಒಂಟೆ ನೋಡುವವಳು. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬುಟ್ಟಿಯಲ್ಲಿ ಮೇಜರನನ್ನು ಇಟ್ಟುಕೊಂಡು ಟ್ಯಾಕ್ಸಿ ಹತ್ತಿದೆ. ಅವಳು ಮೊದಲು ಕೇಳಿದ್ದೇ, "ಏನು ತಿನ್ನಿಸುತ್ತಿದ್ದೀ?" ನಾನು ಹೆಮ್ಮೆಯಿಂದ ಮೊಸರನ್ನ ಅಂದೆ. ಅವಳು ಪೆನ್ನು ಕೆಳಗಿಟ್ಟಳು. "ಸಿಸ್ಟರ್, ವಿಷ ಹಾಕಿದ್ದರೆ ಬೇಗ ಸಾಯುತ್ತಿತ್ತು. ನೀನು ನಿಧಾನಕ್ಕೆ ಸಾಯಿಸುತ್ತಿದ್ದೀ" ಅಂದಳು.

ಇದರ ಕರುಳು ಗಿಡ್ಡ ಕೊಳವೆಯಂತೆ. ಒಳಗೆ ಹೋದದ್ದು ಮೂರು ನಾಲ್ಕು ಗಂಟೆಯಲ್ಲಿ ಹೊರಗೆ. ಅನ್ನ, ಹಣ್ಣು, ಸೊಪ್ಪು ಅರಗಿಸಲು ಅಲ್ಲಿ ಪುರುಸೊತ್ತೇ ಇಲ್ಲ. ಹಾಲು ಕೂಡದು, ಸಿಹಿಯಂತೂ ಶತ್ರು. ಮಾಂಸ, ಕೊಬ್ಬು, ಲಿವರ್, ಮೊಟ್ಟೆ, ಅಷ್ಟೇ. ಸ್ವಲ್ಪ ಸ್ವಲ್ಪ, ಪದೇಪದೇ. ಅರ್ಧ ದಿನ ಉಪವಾಸ ಕೆಡವಿದರೂ ಅಪಾಯ.

ನಿನ್ನ ಭಾವ ವಿಶಾಲ್ ಕೇಳಿದರು, "ಅಲ್ಲ ಮಾರಾಯ್ತಿ, ಊರಲ್ಲಿ ನನ್ನ ಅಮ್ಮನಿಗೆ ಗೊತ್ತಾದರೆ?"

"ಗೊತ್ತಾಗಲಿ. ಅದಕ್ಕೆ ಜನಿವಾರ ಹಾಕಿದ್ದು ಯಾರು?" ಅಂದೆ.

ಕೆಳಗಿನ ಮನೆಯ ಉಳ್ಳಾಲದ ಐಶಮ್ಮನ ಗಂಡನಿಗೆ ಕೋಳಿ ಅಂಗಡಿ ಉಂಟು. ಅವರ ಬಾಗಿಲು ತಟ್ಟಿ ಒಂದು ಹಿಡಿ ಲಿವರ್ ಕೇಳಿದಾಗ ಐಶಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಅವರೇ ಹೆಚ್ಚಿ ಕೊಟ್ಟರು. ಆದರೆ ತಟ್ಟೆ ಇಟ್ಟವಳು ನಾನೇ.

ನೀನು ಬೈಯುತ್ತೀ ಅಂತ ಗೊತ್ತು. ಬೈ. ಆದರೆ ಉದ್ದ ಕಾಗದ ಬರೆದು ಬೈ.

ನಿನ್ನ ಅಕ್ಕ,
ಲೋಲಾಕ್ಷಿ

*

ಮೂಡುಬಿದಿರೆ
2 ಅಕ್ಟೋಬರ್ 2003

ಅಕ್ಕನಿಗೆ,

ನಿನಗೆ ಮರ್ಲು ಹಿಡಿದಿದೆ. ನವರಾತ್ರಿಯಲ್ಲಿ ಓದುವಂಥ ಕಾಗದವೇ ಅದು? ಇವರು ನಮ್ಮ ಹೋಟೆಲಿನಿಂದ ತಂದುಕೊಟ್ಟರು, ನಾನು ಬಚ್ಚಲಲ್ಲಿ ನಿಂತು ಓದಿ ಒಲೆಗೆ ಹಾಕಿದೆ. ನಮ್ಮ ಅಮ್ಮ ಮೊಟ್ಟೆ ಸಿಪ್ಪೆ ದಾಟಿದರೂ ಕಾಲು ತೊಳೆಯುತ್ತಿದ್ದವಳು. ನೀನು ಲಿವರ್ ತಟ್ಟೆಯಲ್ಲಿ ಇಟ್ಟೆಯಂತೆ, ಅದನ್ನು ಹೆಮ್ಮೆಯಿಂದ ಬೇರೆ ಬರೆಯುತ್ತೀ. ಆ ಪ್ರಾಣಿಯನ್ನು ಯಾರಿಗಾದರೂ ಕೊಟ್ಟುಬಿಡು. ಕೊಡಲಾಗದಿದ್ದರೆ ಒಂದು ದಿನ ಲಂಘನ ಹಾಕು, ಮಜ್ಜಿಗೆಗೆ ಶುಂಠಿ ಹಾಕಿ ಕುಡಿಸು. ಹೊಟ್ಟೆಗೆ ಬಿಡುವು ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ಅತ್ತೆ ಹೇಳುತ್ತಾರೆ. ಇಲ್ಲಿ ಎಲ್ಲ ಕಾಯಿಲೆಗೂ ಅದೇ ಮದ್ದು.

ಇಲ್ಲಿ ಹಬ್ಬದ ಗದ್ದಲ. ಹೋಟೆಲಿನ ಕೆಲಸದವರು ರಜೆ ಹಾಕಿದ್ದಕ್ಕೆ ಮನೆಯಲ್ಲೇ ವಡೆ, ಗೋಳಿಬಜೆ ಕರಿದು ಕಳಿಸುತ್ತಿದ್ದೇವೆ. ಎಣ್ಣೆಯ ವಾಸನೆ ನನಗೀಗ ಆಗುವುದಿಲ್ಲ, ಹೊಟ್ಟೆ ತೊಳೆಸುತ್ತದೆ. ನಿನ್ನೆ ಬೆಳಿಗ್ಗೆ ವಾಂತಿಯೂ ಆಯಿತು. ಗಂಜಿ ಬಿಟ್ಟು ಬೇರೇನೂ ಇಳಿಯುವುದಿಲ್ಲ. ದೊಡ್ಡ ವಿಷಯವಲ್ಲ, ಗ್ಯಾಸು.

ಫೋನ್ ಮಾಡಬೇಡ. ಫೋನ್ ಇರುವುದು ಚಾವಡಿಯಲ್ಲಿ, ಅತ್ತೆ ಅದರ ಪಕ್ಕದಲ್ಲೇ ಕೂತಿರುತ್ತಾರೆ. ಕೋಳಿ ವಿಷಯ ಕಾಗದದಲ್ಲೂ ಬರೆಯಬೇಡ. ಭಾವನಿಗೆ ನಮಸ್ಕಾರ.

ಸುಪ್ರೀತಾ

*

ಬೌಷರ್
20 ಅಕ್ಟೋಬರ್ 2003

ಸುಪ್ಪಿ, ಸುಪ್ಪಿ, ಸುಪ್ಪಿ,

ನಿನ್ನ ಬೈಗುಳವನ್ನೆಲ್ಲ ಒಂದು ಕಡೆ ಇಟ್ಟೆ. ಕೊನೆಗೆ ಬರೆದಿದ್ದೀಯಲ್ಲ, ಎಣ್ಣೆ ವಾಸನೆ ಆಗುವುದಿಲ್ಲ, ಬೆಳಿಗ್ಗೆ ವಾಂತಿ, ಗಂಜಿ ಮಾತ್ರ ಅಂತ. ಅದನ್ನು ವಿಶಾಲರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಗ್ಯಾಸಂತೆ ಗ್ಯಾಸು! ಇಷ್ಟು ವರ್ಷ ಕಾದಿದ್ದಕ್ಕೆ ಸಾರ್ಥಕವಾಯಿತು. ಎಷ್ಟು ತಿಂಗಳು? ಇಲ್ಲಿ ಒಳ್ಳೆಯ ಹತ್ತಿಬಟ್ಟೆ ಸಿಗುತ್ತದೆ, ಈಗಲೇ ತೆಗೆದಿಡುತ್ತೇನೆ. ಭಾರ ಎತ್ತಬೇಡ. ನಿನ್ನ ಅತ್ತೆಗೆ ಈಗಲಾದರೂ ನಿನ್ನ ಮೇಲೆ ಕರುಣೆ ಬಂದಿರಬೇಕು.

ಮೇಜರನಿಗೆ ಲಂಘನ ಹಾಕುವುದಿಲ್ಲ. ಅದು ನಿನ್ನ ಅತ್ತೆಯ ಮನೆಯ ಸೊಸೆಯಲ್ಲ. ಈಗ ಬಾಲ್ಕನಿಯಲ್ಲಿ ಅದಕ್ಕೆ ಬೇರೆ ಚಾಕು, ಬೇರೆ ಹಲಗೆ, ಬೇರೆ ಬೋಗುಣಿ. ಭೇದಿ ನಿಂತಿತು, ಮೈ ತುಂಬುತ್ತಿದೆ. ಕಚೇರಿಯ ನಮ್ಮ ಜನ "ಬ್ರಾಹ್ಮಣರ ಮನೆಯಲ್ಲಿ ಕೋಳಿಯಂತೆ" ಅಂತ ಪಿಸುಗುಟ್ಟಿದ್ದು ಕಿವಿಗೆ ಬಿತ್ತು. ಊಟದ ಹೊತ್ತಿಗೆ ಎಲ್ಲರ ಎದುರೇ ಹೇಳಿದೆ, "ಹೌದು, ಬೆಳಿಗ್ಗೆ ಲಿವರ್, ಸಂಜೆ ಕುತ್ತಿಗೆ. ನಿಮಗೂ ಬೇಕಾ?"

ಬೇಗ ಬರೆ. ಹೆಸರು ಯೋಚಿಸಿಡುತ್ತೇನೆ.

ಅಕ್ಕ

*

ಬೌಷರ್
5 ಡಿಸೆಂಬರ್ 2003

ಸುಪ್ಪಿ,

ನಿನ್ನ ಉತ್ತರ ಇಲ್ಲ. ರಮ್ಜಾನ್ ಮುಗಿದು ಹಬ್ಬವೂ ಆಯಿತು. ಪೋಸ್ಟ್ ಬಾಕ್ಸ್ ನೋಡಿ ಬರುವ ವಿಶಾಲ್ ಬರಿಗೈ ತೋರಿಸುತ್ತಾರೆ. ಬಸುರಿಗೆ ಆಲಸ್ಯ ಅಂತ ಸುಮ್ಮನಿದ್ದೆ. ಈಗ ಸುಮ್ಮನಿರಲು ಆಗುತ್ತಿಲ್ಲ.

ಇಲ್ಲಿ ಮೇಜರನಿಗೆ ಮತ್ತೆ ಹುಷಾರಿಲ್ಲ. ಈ ಸಲ ಭೇದಿಯಲ್ಲ. ಊಟದ ತಟ್ಟೆಯ ಹತ್ತಿರ ಆಸೆಯಿಂದ ಬರುತ್ತದೆ, ಮೂಸುತ್ತದೆ, ಹಿಂದೆ ಸರಿಯುತ್ತದೆ. ಹಲ್ಲು ಕಟಕಟ ಕಡಿಯುತ್ತದೆ. ಮುಂಗಾಲಿನಿಂದ ಬಾಯಿ ಉಜ್ಜಿಕೊಳ್ಳುತ್ತದೆ. ಆಮೇಲೆ ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು ಮಲಗುತ್ತದೆ, ತಣ್ಣಗಿನ ಟೈಲ್ಸ್ ಮೇಲೆ. ಮಲ ಕಪ್ಪಗೆ, ರಸ್ತೆಗೆ ಹಾಕುವ ಡಾಂಬರಿನ ಹಾಗೆ ಅಂಟು. ಒಸಡು ನೋಡಿದರೆ ಬಿಳಿ ಕಾಗದ.

ನಾನು ಕಪ್ಪು ಅಂದ ಕೂಡಲೇ ಡಾಕ್ಟರಮ್ಮ ಎದ್ದು ನಿಂತಳು. ಜಠರದಲ್ಲಿ ಹುಣ್ಣಾಗಿ ಒಳಗೇ ರಕ್ತ ಒಸರುತ್ತಿದೆಯಂತೆ. ಹೊಟ್ಟೆಯ ಹುಳಿಯಲ್ಲಿ ರಕ್ತ ಬೆಂದು ಕಪ್ಪಾಗುತ್ತದೆ. ಅದಕ್ಕೆ ಕಾರಣ ಒಂದು ಕ್ರಿಮಿ. ಫೆರೆಟ್‌ಗಳಲ್ಲಿ ಬಹಳ ಸಾಮಾನ್ಯವಂತೆ, ಹೊಟ್ಟೆಯಲ್ಲಿ ಸುಮ್ಮನೆ ಮನೆ ಮಾಡಿಕೊಂಡಿದ್ದು, ಮೈ ಸೋತಾಗ, ಮನಸ್ಸು ಕುಗ್ಗಿದಾಗ ಎದ್ದು ಕಡಿಯುತ್ತದೆ. ಅದರ ದಾಯಾದಿಯೊಂದು ಮನುಷ್ಯರ ಹೊಟ್ಟೆಯಲ್ಲೂ ಇರುತ್ತದಂತೆ. "ನಮ್ಮ ಜನ ಖಾರ ಖಾರ ಅಂತ ದೂರುತ್ತಾರೆ, ಕಡಿಯುವವನು ಬೇರೆಯೇ ಇದ್ದಾನೆ" ಅಂತ ನಕ್ಕಳು. ಎರಡು ಬಗೆಯ ಆಂಟಿಬಯಾಟಿಕ್, ಹುಣ್ಣಿಗೆ ಲೇಪವಾಗುವ ಒಂದು ದ್ರವ. ಕೋಳಿಯನ್ನು ಬೇಯಿಸಿ ಅರೆದು, ಬೆಚ್ಚಗಿನ ಸಾರಿನಲ್ಲಿ ಕದಡಿ, ಬೆರಳಲ್ಲಿ ನೆಕ್ಕಿಸಬೇಕು. ಹೊಟ್ಟೆ ಖಾಲಿ ಬಿಡಲೇಬಾರದು.

ನಾನು ಕೋಳಿ ಅರೆಯುತ್ತಿರುವಾಗ ಬಿಲ್ಡಿಂಗ್ ನೋಡಿಕೊಳ್ಳುವ ಏಜೆಂಟ್ ಬಾಗಿಲಿಗೆ ಬಂದ. ಯಾರೋ ದೂರು ಕೊಟ್ಟಿದ್ದಾರೆ. "ಮದಾಂ, ಯೇ ಜಾನ್ವರ್ ಖಲಾಸ್ ಕರೋ. ಕಫೀಲ್ ಕೋ ಬೋಲೂಂಗಾ" ಅಂದ. ಪ್ರಾಣಿಯನ್ನು ಇಲ್ಲವಾಗಿಸದಿದ್ದರೆ ಕಫೀಲನಿಗೆ, ಅಂದರೆ ನಮ್ಮ ವೀಸಾ ಕೈಯಲ್ಲಿರುವ ಒಮಾನಿ ಧಣಿಗೆ, ಹೇಳುತ್ತಾನಂತೆ. ವಿಶಾಲರ ಮುಖ ಬಿಳಿಚಿತು. ಮೇಜರ್ ನನ್ನ ಹೆಗಲ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದುಕೊಂಡಿತ್ತು. ನಾನು ಅವನಿಗೆ ಹೇಳಿದೆ, "ಬೋಲೋ. ಇದರ ಔಷಧಿ ಮುಗಿಯುವವರೆಗೆ ಇದೂ ಹೋಗುವುದಿಲ್ಲ, ನಾನೂ ಹೋಗುವುದಿಲ್ಲ." ಅವನು ಹೋದ. ಮತ್ತೆ ಬರುತ್ತಾನೆ, ಬರಲಿ.

ನೀನು ಹೇಗಿದ್ದೀ? ಎರಡೇ ಸಾಲು ಬರೆ.

ಅಕ್ಕ

*

ಮೂಡುಬಿದಿರೆ
22 ಡಿಸೆಂಬರ್ 2003

ಅಕ್ಕ,

ನಾನು ಬಸುರಿ ಅಲ್ಲ. ಆಗಿರಲಿಲ್ಲ. ಇನ್ನು ಆ ಮಾತು ಬರೆಯಬೇಡ. ನಿನ್ನ ಅಕ್ಟೋಬರಿನ ಕಾಗದವನ್ನು ಇವರು ಮೊದಲು ಓದಿದರು, ಅತ್ತೆಯೂ ಕೇಳಿಸಿಕೊಂಡರು. ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ಅಲ್ಲ ಅಂತ ಹೇಳಬೇಕಾದವಳು ನಾನು. ಆಮೇಲೆ ಈ ಮನೆ ಹೇಗಿತ್ತು ಅಂತ ನಿನಗೆ ಬರೆಯುವುದಿಲ್ಲ.

ಒಂದು ವಿಷಯ ಕೇಳಬೇಕಿತ್ತು. ಆ ಪ್ರಾಣಿಗೆ ಮಲ ಕಪ್ಪಾದದ್ದು ಎಷ್ಟು ಸಮಯದಿಂದ? ಕಬ್ಬಿಣದ ಮಾತ್ರೆ ತಿಂದರೂ ಕಪ್ಪಾಗುತ್ತದಲ್ಲ, ಅದಕ್ಕೂ ಇದಕ್ಕೂ ವ್ಯತ್ಯಾಸ ಹೇಗೆ ತಿಳಿಯುವುದು? ಹೊಟ್ಟೆ ಖಾಲಿ ಇದ್ದಾಗ ನೋವು ಹೆಚ್ಚೋ, ತಿಂದ ಮೇಲೋ? ಮೆಟ್ಟಿಲು ಹತ್ತುವಾಗ ಎದೆ ಹೊಡೆದುಕೊಳ್ಳುವುದು, ಕಣ್ಣು ಕತ್ತಲೆ ಬರುವುದು ಅದರಿಂದಲೇ ಆಗುತ್ತದೋ? ಡಾಕ್ಟರಮ್ಮನನ್ನು ಕೇಳಿ ಬರೆ. ಇಲ್ಲಿ ಪಕ್ಕದ ಮನೆಯ ಒಬ್ಬರಿಗೆ ಹಾಗೆ ಆಗುತ್ತಿದೆ, ಪಾಪ.

ಔಷಧಿ ತಪ್ಪಿಸಬೇಡ, ನಿನ್ನ ಮೇಜರನಿಗೆ.

ಸುಪ್ರೀತಾ

*

ಬೌಷರ್
8 ಜನವರಿ 2004

ಸುಪ್ಪಿ,

ಯಾವ ಪಕ್ಕದ ಮನೆ? ನಿಮ್ಮ ಮನೆಯ ಒಂದು ಕಡೆ ಹೋಟೆಲಿನ ಸೌದೆ ಕೊಟ್ಟಿಗೆ, ಇನ್ನೊಂದು ಕಡೆ ಕೆರೆ. ಫೆರೆಟ್ ಎಲ್ಲಾದರೂ ಮೆಟ್ಟಿಲು ಹತ್ತಿ ಕಣ್ಣು ಕತ್ತಲೆ ಬಂತು ಅಂತ ಹೇಳುತ್ತದಾ?

ನಾನು ಕುರುಡಿ. ಅಡುಗೆ ವಾಸನೆ ಆಗದ ಹೆಂಗಸು ಅಂದರೆ ನಮಗೆ ಒಂದೇ ಕಾರಣ ಹೊಳೆಯುತ್ತದೆ. ಅದು ನನ್ನದು, ನಾನೇ ಹೊತ್ತುಕೊಳ್ಳುತ್ತೇನೆ. ಆದರೆ ನೀನು? ಡಾಂಬರಿನಂಥ ಮಲ ಹೋಗುತ್ತಿರುವಾಗ ಗ್ಯಾಸು ಅಂತ ಬರೆಯುತ್ತೀಯಲ್ಲ!

ಡಾಕ್ಟರಮ್ಮನನ್ನು ಕೇಳಿದೆ. ಅವಳು ಹೇಳಿದ್ದು ಒಂದೇ ಮಾತು: "ಇದನ್ನು ನನ್ನ ಹತ್ತಿರ ಕೇಳಬೇಡ, ನಿನ್ನ ತಂಗಿಯನ್ನು ಮನುಷ್ಯರ ಡಾಕ್ಟರ ಹತ್ತಿರ ಕಳಿಸು, ಇವತ್ತೇ." ತಂಗಿ ಅಂತ ನಾನು ಹೇಳಿರಲಿಲ್ಲ. ನನ್ನ ಮುಖದಲ್ಲೇ ಬರೆದಿತ್ತು ಅಂತ ಕಾಣುತ್ತದೆ.

ಮಂಗಳೂರಿಗೆ ಹೋಗು. ಗಂಟಲಲ್ಲಿ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡುತ್ತಾರೆ, ಮಾಡಿಸು. ಅತ್ತೆಯನ್ನು ಕೇಳಬೇಡ, ಹೇಳು. ಯಾರ ಮಗುವೂ ಅಲ್ಲದ, ಯಾರೋ ಬಿಟ್ಟುಹೋದ ಒಂದು ಮುಂಗುಸಿಗಾಗಿ ನಾನು ಆಫೀಸು ಬಿಟ್ಟು ಟ್ಯಾಕ್ಸಿ ಹತ್ತಿದ್ದೇನೆ, ಏಜೆಂಟನ ಜೊತೆ ಜಗಳ ಮಾಡಿದ್ದೇನೆ. ನಿನಗಾಗಿ ಆ ಮನೆಯಲ್ಲಿ ಒಬ್ಬರಾದರೂ ಬಸ್ ಹತ್ತಿದ್ದಾರಾ? ನೀನಾದರೂ ಹತ್ತಿದ್ದೀಯಾ?

ಈ ತಿಂಗಳೊಳಗೆ ಹೋಗದಿದ್ದರೆ ನಾನು ಚಾವಡಿಯ ಆ ಫೋನಿಗೇ ಫೋನ್ ಮಾಡುತ್ತೇನೆ. ನಿನ್ನ ಅತ್ತೆ ಎತ್ತಲಿ. ನಿನ್ನ ಮಲದ ಬಣ್ಣವನ್ನು ಅವರಿಗೇ ಗಟ್ಟಿಯಾಗಿ ವಿವರಿಸುತ್ತೇನೆ. ನನ್ನನ್ನು ನೀನು ಬಲ್ಲೆ.

ಲೋಲಾಕ್ಷಿ

*

ಮೂಡುಬಿದಿರೆ
3 ಫೆಬ್ರವರಿ 2004

ಅಕ್ಕ,

ಹೋಗಿ ಬಂದೆ.

ನಿನ್ನ ಫೋನಿನ ಹೆದರಿಕೆಗೆ ಹೋದದ್ದಲ್ಲ. ಏಕಾದಶಿಯ ಮರುದಿನ ಬಾವಿಕಟ್ಟೆಯಲ್ಲಿ ಕೊಡಪಾನ ಎತ್ತುವಾಗ ಬಿದ್ದೆ. ಎದ್ದಾಗ ಅತ್ತೆ ತಲೆಗೆ ನೀರು ತಟ್ಟುತ್ತಾ, "ಉಪವಾಸ ಸರಿಯಾಗಿ ಮಾಡುದಿಲ್ಲ, ಕದ್ದು ತಿಂತಾಳೆ, ಹಾಗೆ ಆಗುದು" ಅನ್ನುತ್ತಿದ್ದರು. ನಾನು ಏನೂ ತಿಂದಿರಲಿಲ್ಲ. ನನಗೆ ಆ ಹೊತ್ತಿನಲ್ಲಿ ನಿನ್ನ ಕಾಗದ ನೆನಪಾಯಿತು, ಅರ್ಧ ದಿನ ಹಸಿದರೂ ಅಪಾಯ ಅಂತ ಬರೆದದ್ದು.

ಮರುದಿನ ಬೆಳಿಗ್ಗೆ ಸೀರೆ ಉಟ್ಟು ಚಾವಡಿಗೆ ಬಂದು, "ಮಂಗಳೂರಿಗೆ ಡಾಕ್ಟರ ಹತ್ತಿರ ಹೋಗ್ತೇನೆ" ಅಂದೆ. ಅತ್ತೆ, "ಇವತ್ತು ಹೋಟೆಲಿಗೆ ಪತ್ರೊಡೆ ಯಾರು ಕಟ್ಟುದು?" ಅಂದರು. ಇವರು ಪೇಪರಿನಿಂದ ತಲೆ ಎತ್ತಲಿಲ್ಲ. ನಾನು ಚಪ್ಪಲಿ ಹಾಕಿದೆ. ಬಸ್‌ಸ್ಟ್ಯಾಂಡಿನವರೆಗೆ ಹಿಂದೆ ತಿರುಗಿ ನೋಡಲಿಲ್ಲ, ನೋಡಿದರೆ ವಾಪಸು ಹೋಗುತ್ತಿದ್ದೆ. ಬಸ್ ಹೊರಟ ಮೇಲೆ ಯಾರೋ ಓಡಿ ಬಂದು ಹತ್ತಿದರು. ಇವರೇ. ಲುಂಗಿಯಲ್ಲೇ ಬಂದಿದ್ದರು. ಮೂರು ಸೀಟು ಹಿಂದೆ ಕೂತರು. ಗುರುಪುರ ದಾಟಿದ ಮೇಲೆ ಎದ್ದು ಬಂದು, "ಎಷ್ಟು ಸಮಯದಿಂದ ಆಗ್ತಾ ಉಂಟು?" ಅಂತ ಕೇಳಿದರು. ಎರಡು ವರ್ಷ ಅಂದೆ. ಆಮೇಲೆ ನನ್ನ ಪಕ್ಕದಲ್ಲೇ ಕೂತರು.

ಕೊಳವೆ ಇಳಿಸುವಾಗ ಕಣ್ಣಲ್ಲಿ ನೀರು ಬಂತು. ಹುಣ್ಣು ಇದೆ, ರಕ್ತ ಒಸರಿದ ಗುರುತು ಇದೆ, ಕ್ರಿಮಿಯೂ ಇದೆ. ಡಾಕ್ಟರು ಕೇಳಿದರು, "ಮಲ ಕಪ್ಪು ಅಂತ ನೀವಾಗಿಯೇ ಹೇಳಿದ್ರಿ, ಯಾರೂ ಹಾಗೆ ಹೇಳುದಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?" ನಾನು, "ಮಸ್ಕತ್ತಿನಲ್ಲಿ ಅಕ್ಕನ ಮುಂಗುಸಿಗೆ ಹೀಗೆ ಆಗಿತ್ತು" ಅಂದೆ. ಅವರು ನರ್ಸಿನ ಮುಖ ನೋಡಿ ನಕ್ಕರು. ಇವರೂ ನಕ್ಕರು. ಇವರು ನಕ್ಕು ಎಷ್ಟೋ ಕಾಲವಾಗಿತ್ತು.

ಅಲ್ಲೇ ಮಲಗಿಸಿ ರಕ್ತ ಕೊಟ್ಟರು. ತಲೆನೋವಿಗೆ ಖಾಲಿ ಹೊಟ್ಟೆಯಲ್ಲಿ ನುಂಗುತ್ತಿದ್ದ ಮಾತ್ರೆಗಳನ್ನು ಬಿಡಿಸಿದರು. ಈಗ ನನಗೂ ಎರಡು ಬಗೆಯ ಆಂಟಿಬಯಾಟಿಕ್, ಹುಳಿ ತಗ್ಗಿಸುವ ಒಂದು ಮಾತ್ರೆ. ಆಂಟಿಬಯಾಟಿಕ್ ಎರಡು ವಾರ, ಹುಳಿಯ ಮಾತ್ರೆ ಎರಡು ತಿಂಗಳು. ಉಪವಾಸ ಕೂಡದು, ಸ್ವಲ್ಪ ಸ್ವಲ್ಪ ಪದೇಪದೇ ತಿನ್ನಬೇಕು. ಅತ್ತೆ, "ಸೊಸೆಗೆ ತಿಂಡಿಪೋತಿ ಆಗ್ಲಿಕ್ಕೆ ಡಾಕ್ಟರ ಚೀಟಿ" ಅಂತ ಬಂದವರಿಗೆಲ್ಲ ಹೇಳುತ್ತಾರೆ. ಮಾತ್ರೆ ನುಂಗಿದರೆ ಬಾಯಿ ಕಹಿ, ತಲೆ ಸುತ್ತು, ಬಿಟ್ಟುಬಿಡೋಣ ಅನ್ನಿಸುತ್ತದೆ. ಆಗೆಲ್ಲ ನಿನ್ನ ಮೇಜರನನ್ನು ನೆನೆಯುತ್ತೇನೆ. ಅದು ತಿಂದರೆ ನಾನೂ ತಿನ್ನುತ್ತೇನೆ, ಅದು ಗೆದ್ದರೆ ನಾನೂ ಗೆಲ್ಲುತ್ತೇನೆ. ಹೇಗಿದೆ ಅಂತ ಬರೆ.

ಸುಪ್ಪಿ

*

ಬೌಷರ್
19 ಫೆಬ್ರವರಿ 2004

ಸುಪ್ಪಿ,

ನಿನ್ನ ಕಾಗದ ಓದಿ ವಿಶಾಲರ ಎದುರು ಕುಣಿದೆ. ಲುಂಗಿಯಲ್ಲಿ ಬಸ್ ಹತ್ತಿದವರಿಗೆ ನನ್ನ ನಮಸ್ಕಾರ ಹೇಳು.

ಮೇಜರ್ ಚೆನ್ನಾಗಿದೆ. ಚೆನ್ನಾಗಿ ತಿನ್ನುತ್ತದೆ. ಬೆಳಿಗ್ಗೆ ಒಂದು ಇಡೀ ಕೋಳಿ ಕುತ್ತಿಗೆ ತಿಂದಿತು. ನೀನೂ ತಿನ್ನು. ಒಂದು ಮಾತ್ರೆಯನ್ನೂ ಬಿಡಬೇಡ. ಅತ್ತೆ ಏನಾದರೂ ಹೇಳಲಿ.

ಐಶಮ್ಮ ಮುಂದಿನ ತಿಂಗಳು ಊರಿಗೆ ಬರುತ್ತಾರೆ. ಅವರ ಕೈಯಲ್ಲಿ ಖರ್ಜೂರ ಕಳಿಸುತ್ತೇನೆ. ಆಫೀಸಿನಲ್ಲಿ ಕೆಲಸ ಜಾಸ್ತಿ, ಹೆಚ್ಚು ಬರೆಯಲು ಆಗುತ್ತಿಲ್ಲ.

ಅಕ್ಕ

*

ಬೌಷರ್
6 ಮಾರ್ಚ್ 2004

ಸುಪ್ಪಿ,

ಮಾತ್ರೆ ತಿನ್ನುತ್ತಿದ್ದೀ ತಾನೆ? ಇಲ್ಲಿ ಎಲ್ಲ ಕ್ಷೇಮ. ಮೇಜರನೂ ಕ್ಷೇಮ, ದಪ್ಪಗಾಗಿದೆ. ಸೋಫಾದ ಕೆಳಗೆ ನಿನ್ನ ಭಾವನ ಕಾಲುಚೀಲ ಒಯ್ದು ಅಡಗಿಸಿಡುತ್ತದೆ. ಬಿಸಿಲು ಈಗಲೇ ಶುರುವಾಗಿದೆ.

ಅಕ್ಕ

*

ಮೂಡುಬಿದಿರೆ
25 ಮಾರ್ಚ್ 2004

ಅಕ್ಕ,

ಮೇಜರ್ ಬಕ್ರೀದಿನ ಮರುವಾರವೇ ಸತ್ತಿತಂತೆ. ನೀನು ನನಗೆ ಕೋಳಿ ಕುತ್ತಿಗೆಯ ಕಥೆ ಬರೆಯುವಾಗ ಅದು ಮಣ್ಣಿನಲ್ಲಿತ್ತು. ಕಾಲುಚೀಲ ಅಡಗಿಸುವ ಕಥೆ ಬರೆಯುವಾಗಲೂ.

ಐಶಮ್ಮ ಮೊನ್ನೆ ಬಂದಿದ್ದರು. ಉಳ್ಳಾಲದಿಂದ ಎರಡು ಬಸ್ ಬದಲಿಸಿ, ಬಿಸಿಲಲ್ಲಿ, ನಿನ್ನ ಖರ್ಜೂರದ ಡಬ್ಬ ಹೊತ್ತುಕೊಂಡು. ಅತ್ತೆ ಅವರನ್ನು ಜಗಲಿಯ ಹೊರಗಿನ ಬೆಂಚಿನಲ್ಲಿ ಕೂರಿಸಿ, ದೂರದಿಂದ ಒಂದು ಲೋಟ ನೀರು ಇಟ್ಟರು. ನಾನು ಹೋಗಿ ಪಕ್ಕದಲ್ಲಿ ಕೂತು, "ಮೇಜರ್ ಹೇಗಿದೆ?" ಅಂದೆ. ಅವರ ಮುಖ ನೋಡಬೇಕಿತ್ತು. ಸುಳ್ಳು ಹೇಳಲು ಬಾರದವರು.

"ಅದು ಹೋಯ್ತಲ್ಲ ಮಗಳೇ. ನಿಮ್ಮಕ್ಕ ಬರೀಲಿಲ್ವಾ?"

ಹೊಟ್ಟೆಯ ಹುಣ್ಣು ವಾಸಿಯಾಗಿತ್ತಂತೆ. ಅದು ಬೇರೆ ಕಾಯಿಲೆ. ಹಿಂಗಾಲು ಎಳೆಯತೊಡಗಿತು, ನಿಂತಲ್ಲೇ ಗೋಡೆ ನೋಡುತ್ತಿತ್ತು, ಬಾಯಲ್ಲಿ ಜೊಲ್ಲು. ಒಳಗಿನ ಯಾವುದೋ ಗ್ರಂಥಿಯಲ್ಲಿ ಗಂಟು, ರಕ್ತದ ಸಕ್ಕರೆ ಇಳಿದುಹೋಗುತ್ತದೆ, ಪ್ರಾಣಿಗೆ ವಯಸ್ಸೂ ಆಗಿತ್ತು, ಮೊದಲು ತಿಂದ ಬಿಸ್ಕಿಟು ಜಾಮುಗಳೂ ಕಾರಣವಿರಬಹುದು ಅಂತ ಡಾಕ್ಟರಮ್ಮ ಹೇಳಿದರಂತೆ. ನೀನು ಆಫೀಸಿಗೂ ಬುಟ್ಟಿಯಲ್ಲಿ ಕೊಂಡುಹೋಗಿ ಮೇಜಿನ ಕೆಳಗೆ ಇಟ್ಟುಕೊಂಡು, ಫೋನುಗಳ ನಡುವೆ ಬೆರಳಲ್ಲಿ ಮೊಟ್ಟೆ ನೆಕ್ಕಿಸುತ್ತಿದ್ದೆಯಂತೆ. ಅಲ್ಲೇ ಹೋಯಿತಂತೆ. ಬೌಷರಿನ ಮರಳುದಿಬ್ಬದ ಹಿಂದೆ ಭಾವ ಗುಂಡಿ ತೋಡಿದರು, ಐಶಮ್ಮನ ಗಂಡ ಕಲ್ಲು ಇಟ್ಟರು. ವಾಪಸು ಬಂದಾಗ ಬಿಲ್ಡಿಂಗಿನ ಏಜೆಂಟ್ "ಖಲಾಸ್?" ಅಂತ ಕೇಳಿದನಂತೆ. ನೀನು ಅವನಿಗೆ ಕೊಟ್ಟ ಉತ್ತರವನ್ನು ಐಶಮ್ಮ ನನಗೆ ಹೇಳಲು ಒಪ್ಪಲಿಲ್ಲ.

ಕೇಳುತ್ತಾ ಕೇಳುತ್ತಾ ನನಗೆ ಮೊದಲು ಬಂದದ್ದು ಅಳು. ಆಮೇಲೆ ಸಿಟ್ಟು. ಈಗಲೂ ಸಿಟ್ಟೇ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಗೊತ್ತಾದರೆ ಮಾತ್ರೆ ಬಿಟ್ಟುಬಿಡುತ್ತೇನೆ ಅಂತ ಎಣಿಸಿದೆಯಾ? ಅದು ತಿಂದರೆ ನಾನೂ ತಿನ್ನುತ್ತೇನೆ ಅಂತ ಬರೆದದ್ದು ನಾನೇ, ಹೌದು. ಬಾಯಿ ಕಹಿಯಾದ ದಿನ ಬರೆದ ಮಾತು ಅದು. ಆದರೆ ಬಾವಿಕಟ್ಟೆಯಿಂದ ಎದ್ದವಳು ನಾನು, ಚಪ್ಪಲಿ ಹಾಕಿದವಳು ನಾನು, ಕೊಳವೆ ನುಂಗಿದವಳೂ ನಾನು. ಬೆರಳಲ್ಲಿ ಮೆತ್ತಿಕೊಂಡು ನನಗೆ ಧೈರ್ಯ ನೆಕ್ಕಿಸಬೇಡ ಅಕ್ಕ. ನಾನು ನಿನ್ನ ಬುಟ್ಟಿಯಲ್ಲಿಲ್ಲ. ಈ ಮನೆಯಲ್ಲಿ ಎಲ್ಲರೂ ನನ್ನ ಒಳ್ಳೆಯದಕ್ಕೆ ಅಂತ ಏನೇನೋ ಮುಚ್ಚಿಟ್ಟಿದ್ದಾರೆ, ನೀನೂ ಅವರ ಸಾಲಿಗೆ ಸೇರಬೇಡ. ಸತ್ತರೆ ಸತ್ತಿತು ಅಂತ ಬರೆ. ನಾನು ಅಳುತ್ತೇನೆ, ಅತ್ತು ಎದ್ದು ಮಾತ್ರೆ ನುಂಗುತ್ತೇನೆ. ಹುಳಿಯ ಮಾತ್ರೆ ಇನ್ನೂ ಸ್ವಲ್ಪ ದಿನ ಉಂಟು. ಮುಗಿಸುತ್ತೇನೆ. ಮೊನ್ನೆ ಪರೀಕ್ಷೆಗೆ ಹೋಗಿದ್ದಾಗ ಒಸಡು ಕೆಂಪಾಗಿದೆ ಅಂದರು.

ಇನ್ನೊಂದು ವಿಷಯ. ಐಶಮ್ಮ ಎದ್ದು ಹೊರಟರು, ಬಸ್ಸಿಗೆ ಹೊತ್ತಾಯಿತು ಅಂತ. ಊಟದ ಹೊತ್ತು. ಮನೆಯ ಗಂಡಸರು ಇನ್ನೂ ಹೋಟೆಲಿನಿಂದ ಬಂದಿರಲಿಲ್ಲ. ನಾನು ಅವರ ಕೈ ಹಿಡಿದುಕೊಂಡೆ. "ಊಟ ಮಾಡಿ ಹೋಗಿ" ಅಂದೆ.

"ಬೇಡ ಮಗಳೇ. ಕೊಡುದಾದ್ರೆ ಇಲ್ಲೇ ಹೊರಗೆ ಕೊಡಿ, ನನಗೆ ಬೇಜಾರಿಲ್ಲ" ಅಂದರು.

"ನನಗೆ ಬೇಜಾರುಂಟು" ಅಂದೆ.

ಅವರನ್ನು ಒಳಗೆ ಕರೆದುಕೊಂಡು ಬಂದೆ. ಊಟದ ಕೋಣೆಯಲ್ಲಿ ಎರಡು ಎಲೆ ಹಾಕಿದೆ, ಎದುರುಬದುರು. ಅನ್ನ, ಸೌತೆಕಾಯಿ ಹುಳಿ, ಬಸಳೆ. ನನಗೆ ಸಪ್ಪೆ ಬೇರೆ ಇತ್ತು. ಅತ್ತೆ ದೇವರಕೋಣೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು. ಐಶಮ್ಮ ಏಳಲು ಹೋದರು, ನಾನು ಅವರ ಎಲೆಗೆ ಅನ್ನ ಬಡಿಸಿದೆ. ಆಗಲೇ ಇವರೂ ಹಿಂದಿನ ಬಾಗಿಲಿನಿಂದ ಬಂದರು, ಕಾಲು ತೊಳೆದ ನೀರು ಸೋರುತ್ತಿತ್ತು. ಅತ್ತೆ ಇವರ ಮುಖ ನೋಡಿದರು, ಇವರು ನನ್ನ ಮುಖ ನೋಡಿದರು. ಹೋಗಿ ಮಜ್ಜಿಗೆ ಪಾತ್ರೆ ತಂದು ನಮ್ಮ ನಡುವೆ ಇಟ್ಟರು.

"ಗಂಡಸರದ್ದು ಆಗ್ಲಿಲ್ಲ. ನೈವೇದ್ಯ ಆಗ್ಲಿಲ್ಲ. ಅದಕ್ಕೆ ಮೊದಲೇ ನೀನು ಎಲೆ ಮುಂದೆ ಕೂತದ್ದಾ?" ಅಂದರು ಅತ್ತೆ.

ಎರಡು ವರ್ಷ ಹೊಟ್ಟೆಯಲ್ಲಿ ಉರಿ ಮಾತ್ರ ಇತ್ತು, ಹಸಿವು ಅಂದರೆ ಏನೆಂದೇ ನನಗೆ ಮರೆತಿತ್ತು. ಅವತ್ತು ಬಸಳೆಯ ವಾಸನೆಗೆ ಬಾಯಲ್ಲಿ ನೀರು ಬಂತು ಅಕ್ಕ, ನಿಜವಾದ ಹಸಿವು.

"ಹೌದು ಅತ್ತೆ, ನನಗೆ ಹಸಿವಾಗ್ತಾ ಉಂಟು" ಅಂದೆ. ಮೊದಲ ತುತ್ತು ಬಾಯಿಗಿಟ್ಟೆ.

ಸುಪ್ರೀತಾ